ಭಂಗಾರದ ತಕ್ಕಡಿ

ಒಂದು ಬೋಲ್ಟು ಕಡಿಮಿ ಬಿತ್ತು.
ಹೆರಾಲ್ಡ್ ಗಾಡಿಯ ಗೇರ್‌ಬಾಕ್ಸಿಗೆ ಎಂಟು ಬೇಕು,
ಡಬ್ಬಿಯೊಳಗ ಏಳು.
ಮೂರು ದಿನ ಸೀಮೆಎಣ್ಣಿಯೊಳಗ ನೆನದು
ಒಂದೊಂದ ತಲಿ ತೋರಿಸಿದವು:
ಆರು ಮೂಲಿಯ ತಲಿ, ಅದರ ಒಂದು ಪಕ್ಕಕ್ಕ
ಒಂದಕ್ಕೊಂದು ತಾಗಿದ ಮೂರು ಉಂಗುರ,
ಇರಿವಿ ಕಣ್ಣಿಗಿಂತ ಚೂರು ದೊಡ್ಡವು.

"ಎಂಟನೇದೂ ಹಂಥಾದ್ದ ಬೇಕು," ಅಂದ್ರು
ಕ್ಯಾಂಪಿನ ಎರ್ಮೆಲಿಂದಾ ಸಿಸ್ಟರ್.
ಮೂವತ್ತೊಂದು ವರ್ಷ ದವಾಖಾನಿಯೊಳಗ
ದಾರದ ಲೆಕ್ಕ ಇಟ್ಟ ಕೈ.
"ತಳದಾಗ ಇರತೈತ್ರಿ ಅದು, ಯಾರಿಗೂ ಕಾಣಂಗಿಲ್ಲ."
"ಹೊಟ್ಟಿಯೊಳಗಿನ ಹೊಲಿಗಿನೂ ಕಾಣಂಗಿಲ್ಲ, ಪುಂಡಲೀಕ."

ಅಳತಿ ಹೇಳತೇನಿ ಕೇಳ್ರಿ.
ದಪ್ಪ ಇಂಚಿನ ಹದಿನಾರರೊಳಗ ಐದು ಪಾಲು,
ಇಂಚಿಗೆ ಇಪ್ಪತ್ನಾಕು ಗೀರು.
ಹನ್ನೆರಡರ ಪಾನಾ ಕೂಡಂಗಿಲ್ಲ,
ಹದಿಮೂರರದು ಜಾರತೈತಿ,
ಅರ್ಧ ಇಂಚಿಂದ ಆಗಬೇಕು.
ಈಗಿನ ಎಂಟು ಎಂಎಂ ಬೋಲ್ಟು ಹಚ್ಚಿದರ
ಎರಡು ಸುತ್ತು ಬೀಗರಂಗ ನಗತಾ ಒಳಗ ಹೋಗತೈತಿ,
ಮೂರನೇ ಸುತ್ತಿಗೆ ಜಗಳ.

ಖಡೇ ಬಜಾರದೊಳಗ ಕೇಳಿದೆ.
ರವಿವಾರ ಪೇಟೆಯ ಕಾಕತಕರ ಮುದುಕ
ಮರಾಠಿಯೊಳಗ ಬೈದು, ಕನ್ನಡದೊಳಗ ಚಹಾ ಹೇಳಿ,
ಅರವತ್ತು ಡ್ರಾವರ್ ಎಳದು ನೋಡಿದ.
ಒಂದು ಸತ್ತ ಜಿರಳಿ, ಉಳಿದದ್ದೆಲ್ಲಾ ಮಿಲಿಮೀಟರು.
ನಿಪ್ಪಾಣಿಯ ಗ್ಯಾರೇಜಿನೊಳಗ ಉಂಗುರ ಸಿಕ್ಕವು,
ಉದ್ದ ಸಾಲಲಿಲ್ಲ.

ಉದ್ಯಮಬಾಗದೊಳಗ ನನ್ನದ ಲೇಥ್ ಐತಿ.
ಒಂದು ರಾತ್ರಿ, ಹೋದ ಕರೆಂಟು ಬಂದ ಮ್ಯಾಲೆ,
ನಾನ ಒಂದು ಕಡದೆ.
ಗೀರು ಎಣಿಸಿದೆ. ತಲಿಗೆ ಪಂಚ್ ಇಟ್ಟು ಮೂರು ಏಟು ಹಾಕಿದೆ.
ಸುಟ್ಟು ಎಣ್ಣಿಯೊಳಗ ಅದ್ದಿ ಕರಿ ಮಾಡಿ
ಏಳರ ಜೋಡಿ ಡಬ್ಬಿಗೆ ಹಾಕಿ ಮಲಗಿದೆ.
ಬೆಳಗಾಗಿ ನೋಡಿದರ, ಯಾವುದು ನನ್ನದು
ನನಗ ತಿಳಿವಲ್ದು.
ಅಂಜಿಕಿ ಬಂತು.
ಭೂತಗನ್ನಡಿ ಹಿಡದು, ಹುಡುಕಿ ತಗದು,
ಕಳ್ಳನ್ನ ಒಯ್ದಂಗ ಕಿಸೆದಾಗ ಹಾಕಿಕೊಂಡೆ.

ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರ.
ಬಂಗಾರಕ್ಕೂ ಇದಕ್ಕೂ ನಡುವ ಒಂದು ಉಸುರು ಅಷ್ಟ,
ಆ ಉಸುರೂ ನಾವು ಬಿಡಂಗಿಲ್ಲ.

ಗಾಂಧಿನಗರದೊಳಗ, ಹೈವೇ ಬಾಜೂಕ,
ರಾಜೇಸಾಬ ನದಾಫನ ರಾಶಿ ಕೆದರತಿದ್ದೆ.
ಮೂರು ತಾಸು. ನಡಾ ಹಿಡಕೊಂಡಿತು.
ನೆಟ್ಟಗಾಗಾಕಂತ ಮ್ಯಾಲೆ ನೋಡಿದೆ:
ತೊಲಿಗೆ ಜೋತುಬಿದ್ದ ತಕ್ಕಡಿ,
ಅದರ ಕೊಂಡಿಯೊಳಗ ತೂರಿದ ಬೋಲ್ಟು,
ತಲಿ ಮ್ಯಾಲೆ ಸಾಲಾಗಿ ಮೂರು.

"ಅದನ್ನ ತಗದರ ನಾ ಏನ ತೂಗಲಿ?" ಅಂದ ರಾಜೇಸಾಬ.
"ನಮ್ಮಪ್ಪ ಹಾಕಿದ್ದು ಅದು."

ಕಿಸೆದಾಗಿಂದ ಕೊಟ್ಟೆ. ಬೆಳಕಿಗೆ ಹಿಡದ,
ಉಗರಿನಿಂದ ಗೀರು ತಿಕ್ಕಿದ.
"ಇದೂ ಅದ ಅಲ್ಲೇನು?"
"ಅಲ್ಲ. ಇದನ್ನ ನಾ ಮಾಡೇನಿ."
"ಹಂಗಾದರ ಗಟ್ಟಿ ಇರಬೇಕು," ಅಂದ.

ಏಣಿ ಹಾಕಿ ಇಬ್ಬರೂ ಹತ್ತಿದಿವಿ.
ಅರ್ಧ ಇಂಚಿನ ಪಾನಾ ಕಟ್ಟನೆ ಕೂತಿತು.
ಚೀಲ ಹೊತ್ತ ಹುಡುಗೊಬ್ಬ ಬಾಗಲದಾಗ ನಿಂತು
ಲೋಕದೊಳಗ ತೂಕ ಇಲ್ಲದ ಆ ಹತ್ತು ನಿಮಿಷ
ಸುಮ್ಮನ ಕಾದ.

"ರೊಕ್ಕ ಎಷ್ಟು?"
"ಭಂಗಾರದ್ದು ರೇಟು ತೂಕದ ಮ್ಯಾಲೆ."
ತಟ್ಟಿಗೆ ಹಾಕಿದ ಬೋಲ್ಟು ಠಣ್ ಅಂತು.
ಟ್ರ್ಯಾಕ್ಟರಿನ ಅಚ್ಚು ತೂಗಿ ರೂಢಿ ಇದ್ದ ತಕ್ಕಡಿ
ಮಿಸುಕಲಿಲ್ಲ.
ಇಬ್ಬರೂ ಬಗ್ಗಿ ಮುಳ್ಳು ನೋಡಿದಿವಿ.
ಹುಡುಗನೂ ಚೀಲ ಇಳಿಸಿ ನೋಡಿದ.
"ಒಯ್ಯಿ," ಅಂದ ರಾಜೇಸಾಬ, ಸ್ವಲ್ಪ ಸಿಟ್ಟಿನಿಂದ.

ಸಂಜಿಗೆ ಗಾಡಿ ತಳಕ್ಕ ಮಲಗಿ ಎಂಟನೇದು ಬಿಗಿದೆ.
ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ಹತ್ತಿತು.
ಸಿಸ್ಟರ್ ಬಗ್ಗಿ ನೋಡಲಿಲ್ಲ. "ಆತೇನು?" ಅಂದ್ರು.
"ಆತ್ರಿ."

ಗಾಂಧಿನಗರದ ಕಡೆ ಹಾದಾಗೊಮ್ಮೆ
ಈಗಲೂ ಗಾಡಿ ಸಾವಕಾಶ ಮಾಡತೇನಿ.
ತಕ್ಕಡಿ ಏರತೈತಿ, ಇಳಿತೈತಿ.
ರಾಜೇಸಾಬ ಒಳಗಿಂದ ಕೈ ಎತ್ತತಾನ:
ಇನ್ನೂ ಬಿದ್ದಿಲ್ಲ.